ಹುಳುಕು ಹಲ್ಲು ಮನೆತನದ ಬಳುವಳಿಯೇ?

ಒಂದೇ ಮನೆಯಲ್ಲಿ ಉಂಡು ಬೆಳೆದವರಲ್ಲಿ ಒಬ್ಬರ ಹಲ್ಲು ಹುಳುಕಾಗುತ್ತದೆ, ಇನ್ನೊಬ್ಬರದು ಗಟ್ಟಿಯಾಗಿಯೇ ಉಳಿಯುತ್ತದೆ. ಇದು ರಕ್ತದಲ್ಲೇ ಬಂದದ್ದೇ ಎಂದು ಕೇಳಿ ಬಹಳ ಪತ್ರಗಳು ಬಂದಿವೆ. ಆಯ್ದ ಪ್ರಶ್ನೆಗಳಿಗೆ ನಮ್ಮ ದಂತವೈದ್ಯರ ಬಳಗದ ಉತ್ತರ ಇಲ್ಲಿದೆ.

ಪ್ರಶ್ನೆ: ನಾನು ದಿನಕ್ಕೆರಡು ಸಲ ತಪ್ಪದೆ ಹಲ್ಲುಜ್ಜುತ್ತೇನೆ. ಆದರೂ ಬಾಯಲ್ಲಿ ಒಂಬತ್ತು ಫಿಲ್ಲಿಂಗ್ ಇವೆ. ನನ್ನ ಪತಿ ರಾತ್ರಿ ಬ್ರಷ್ ಮುಟ್ಟುವುದೇ ಇಲ್ಲ, ಅವರ ಒಂದು ಹಲ್ಲೂ ಕೆಟ್ಟಿಲ್ಲ. ನನ್ನ ತಾಯಿಗೆ ನಲವತ್ತು ತುಂಬುವ ಹೊತ್ತಿಗೇ ಅರ್ಧದಷ್ಟು ಹಲ್ಲು ಹೋಗಿದ್ದವು. ಇದು ವಂಶದಿಂದ ಬಂದದ್ದಲ್ಲವೇ?

ಉತ್ತರ: ಒಂದು ಪಾಲು ವಂಶದಿಂದಲೇ ಬಂದಿದೆ. ನೀವು ಸೋಮಾರಿಯಲ್ಲ, ನಿಮ್ಮ ಬಾಯಿಗೆ ಸಿಕ್ಕಿರುವ ರಿಯಾಯಿತಿ ಕಡಿಮೆ ಅಷ್ಟೆ.

1940ರ ದಶಕದಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಹಂಟ್ ಮತ್ತು ಹಾಪರ್ಟ್ ಎಂಬ ಸಂಶೋಧಕರು ಬಿಳಿ ಇಲಿಗಳನ್ನು ತಲೆಮಾರುಗಟ್ಟಲೆ ಆರಿಸಿ ಕೂಡಿಸಿ ಎರಡು ಸಂತತಿಗಳನ್ನು ಬೆಳೆಸಿದರು. ತಿನಿಸು ಎರಡಕ್ಕೂ ಒಂದೇ. ಒಂದು ಸಂತತಿಯ ಹಲ್ಲು ಬೇಗ ಕೆಟ್ಟಿತು, ಇನ್ನೊಂದರದು ಬಹುಕಾಲ ತಡೆಯಿತು. ಮನುಷ್ಯರಲ್ಲಿ ಇಂಥ ಪ್ರಯೋಗ ಮಾಡಲಾಗದು, ಅದಕ್ಕೇ ಅವಳಿಗಳನ್ನು ನೋಡಬೇಕು. ಹಸುಗೂಸಾಗಿದ್ದಾಗಲೇ ಬೇರ್ಪಟ್ಟು ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಮಿನೆಸೋಟದಲ್ಲಿ ಪರೀಕ್ಷಿಸಿದ ವರದಿ 1988ರಲ್ಲಿ ಪ್ರಕಟವಾಯಿತು. ತದ್ರೂಪಿ ಅವಳಿಗಳಲ್ಲಿ ಕೆಟ್ಟ ಮತ್ತು ತುಂಬಿಸಿದ ಹಲ್ಲುಗಳ ಲೆಕ್ಕ ಒಬ್ಬರದು ಇನ್ನೊಬ್ಬರದಕ್ಕೆ ಹತ್ತಿರವಿತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಆ ಹೋಲಿಕೆ ಅಷ್ಟಿರಲಿಲ್ಲ.

ಕುಟುಂಬಗಳನ್ನು ಅಧ್ಯಯನ ಮಾಡಿದ 2010ರ ಒಂದು ವರದಿ ಹಾಲುಹಲ್ಲಿನ ಹುಳುಕಿನಲ್ಲಿ ಶೇ 54ರಿಂದ 70, ಶಾಶ್ವತ ಹಲ್ಲಿನಲ್ಲಿ ಶೇ 35ರಿಂದ 55 ಆನುವಂಶಿಕ ಪಾಲು ಎಂದು ಲೆಕ್ಕ ಹಾಕಿತು. ಈ ಅಂಕಿಯನ್ನು ಜನ ಸಾಮಾನ್ಯವಾಗಿ ತಪ್ಪಾಗಿ ಓದುತ್ತಾರೆ. ಶೇ 50 ಎಂದರೆ ನಿಮ್ಮ ಫಿಲ್ಲಿಂಗ್‌ಗಳಲ್ಲಿ ಅರ್ಧದಷ್ಟನ್ನು ಜೀನ್ ಮಾಡಿತು ಎಂದು ಅರ್ಥವಲ್ಲ. ಆ ಗುಂಪಿನ ಜನರ ನಡುವೆ ಕಾಣುವ ಹೆಚ್ಚುಕಡಿಮೆಯಲ್ಲಿ ಅರ್ಧಕ್ಕೆ ಅವರ ಜೀನ್‌ಗಳ ವ್ಯತ್ಯಾಸ ಕಾರಣ ಎಂದಷ್ಟೇ ಅರ್ಥ. ಎಲ್ಲರೂ ಒಂದೇ ಪ್ರಮಾಣದಲ್ಲಿ ಸಕ್ಕರೆ ತಿನ್ನುವ ಗುಂಪಿನಲ್ಲಿ ಈ ಅಂಕಿ ಏರುತ್ತದೆ, ತಿನ್ನುವ ರೀತಿ ಬಗೆಬಗೆಯಾಗಿದ್ದರೆ ಇಳಿಯುತ್ತದೆ.

ಇದರ ಜೊತೆಗೇ ಹೇಳಬೇಕಾದ ಇನ್ನೆರಡು ಪ್ರಯೋಗಗಳಿವೆ. 1954ರಲ್ಲಿ ಆರ್ಲೆಂಡ್ ಮತ್ತು ಸಂಗಡಿಗರು ಒಂದೂ ಬ್ಯಾಕ್ಟೀರಿಯಾ ಇಲ್ಲದ ವಾತಾವರಣದಲ್ಲಿ ಇಲಿಗಳನ್ನು ಸಾಕಿ ಸಕ್ಕರೆ ತುಂಬಿದ ತಿನಿಸು ಕೊಟ್ಟರು. ಹುಳುಕು ಬರಲೇ ಇಲ್ಲ. 1960ರಲ್ಲಿ ಪಾಲ್ ಕೀಸ್, ಹುಳುಕು ಬರದ ವಂಶ ಎನಿಸಿಕೊಂಡ ಹ್ಯಾಮ್‌ಸ್ಟರ್‌ಗಳನ್ನು ಹುಳುಕುಳ್ಳವುಗಳ ಜೊತೆ ಒಂದೇ ಗೂಡಿನಲ್ಲಿ ಬಿಟ್ಟರು. ಅವಕ್ಕೂ ಹುಳುಕು ಹಿಡಿಯಿತು. ವಂಶದ್ದೆಂದು ತೋರುತ್ತಿದ್ದುದು ಅಲ್ಲಿ ಅಂಟಿದ ಸೂಕ್ಷ್ಮಾಣುವಿನ ಮಾತಾಗಿತ್ತು. ಜೀನ್ ಎಷ್ಟೇ ಕೆಟ್ಟದಿರಲಿ, ಬ್ಯಾಕ್ಟೀರಿಯಾ, ಸಕ್ಕರೆ, ಸಮಯ ಈ ಮೂರೂ ಕೂಡದೆ ಹಲ್ಲು ಹುಳುಕಾಗುವುದಿಲ್ಲ.

ಈಗ ನಿಮ್ಮ ಕೆಲಸ ಇದು. ಒಂಬತ್ತು ಫಿಲ್ಲಿಂಗ್ ಎಲ್ಲೆಲ್ಲಿವೆ ಎಂದು ಮುಂದಿನ ಸಲ ದಂತವೈದ್ಯರನ್ನು ಕೇಳಿ ಬರೆದುಕೊಳ್ಳಿ. ದವಡೆ ಹಲ್ಲಿನ ಮೇಲ್ಮೈ ಗೆರೆಗಳಲ್ಲೇ ಹೆಚ್ಚಿದ್ದರೆ ಹಲ್ಲಿನ ಆಕಾರದ ದೋಷ. ಹಲ್ಲು ಹಲ್ಲಿನ ಸಂದಿಯಲ್ಲಿದ್ದರೆ ಬ್ರಷ್‌ನ ಎಳೆ ಅಲ್ಲಿಗೆ ಹೋಗುತ್ತಿಲ್ಲ, ಎಷ್ಟು ಸಲ ಉಜ್ಜಿದರೂ ಅಷ್ಟೆ; ದಿನಕ್ಕೊಮ್ಮೆ ಫ್ಲಾಸ್ ದಾರ ಅಥವಾ ಸಂದಿ ಬ್ರಷ್ ಬೇಕು. ಒಸಡಿನ ಅಂಚಿನಲ್ಲಿ, ಅದರಲ್ಲೂ ಕೆಳಗಿನ ಮುಂಭಾಗದ ಬಾಚಿಹಲ್ಲುಗಳಲ್ಲಿ ಹುಳುಕಿದ್ದರೆ ಜೊಲ್ಲಿನ ಕೊರತೆಯನ್ನು ಶಂಕಿಸಬೇಕು. ನಾಲಿಗೆಯಡಿಯ ಗ್ರಂಥಿಗಳ ಜೊಲ್ಲು ಸದಾ ತೊಳೆಯುವ ಆ ಜಾಗ ಸಾಮಾನ್ಯವಾಗಿ ಕೊನೆಗೆ ಕೆಡುವಂಥದ್ದು. ಇನ್ನು, ಪೇಸ್ಟ್ ಉಗಿದ ಮೇಲೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸುತ್ತಿದ್ದರೆ ಇಂದೇ ನಿಲ್ಲಿಸಿ. ಉಗಿದು ಬಿಟ್ಟರೆ ಸಾಕು, ಪೇಸ್ಟಿನಲ್ಲಿರುವ, ಹುಳುಕು ತಡೆಯುವ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಬೇಕು.

ನಿಮ್ಮ ಪತಿಗೂ ಒಂದು ಮಾತು. ಹುಳುಕಿಲ್ಲ ಎಂದ ಮಾತ್ರಕ್ಕೆ ಬಾಯಿ ಆರೋಗ್ಯವಾಗಿದೆ ಎಂದಲ್ಲ. ಒಸಡಿನ ಕಾಯಿಲೆಯ ದಾರಿ ಬೇರೆ, ಅದು ನೋವಿಲ್ಲದೆ ಮೂಳೆಯನ್ನು ತಿನ್ನುತ್ತದೆ. ಅವರ ಒಸಡನ್ನು ಪರೀಕ್ಷೆ ಮಾಡಿಸಿ.

ಪ್ರಶ್ನೆ: ಹಲ್ಲು ಹುಳುಕಾಗಿಸುವ ಜೀನ್ ಯಾವುದು? ಒಂದೇ ಜೀನ್ ಇದೆಯೇ?

ಉತ್ತರ: ಒಂದೇ ಇಲ್ಲ. 2019ರಲ್ಲಿ ಹಲವು ದೇಶಗಳ ದತ್ತಾಂಶ ಸೇರಿಸಿ ನಡೆಸಿದ ದೊಡ್ಡ ಜೀನೋಮ್ ಅಧ್ಯಯನವೊಂದು ಹುಳುಕಿನ ಜೊತೆ ನಂಟಿರುವ 47 ಹೊಸ ತಾಣಗಳನ್ನು ಡಿಎನ್ಎಯಲ್ಲಿ ಗುರುತಿಸಿತು. ಪ್ರತಿಯೊಂದರ ಪ್ರಭಾವವೂ ಚಿಕ್ಕದು. ಅವು ಕೆಲಸ ಮಾಡುವ ಜಾಗಗಳನ್ನು ತಿಳಿದುಕೊಂಡರೆ ಹೆಚ್ಚು ಉಪಯೋಗ.

ಮೊದಲನೆಯದು ಹಲ್ಲಿನ ಹೊರಪದರವಾದ ಎನಾಮೆಲ್. ತೂಕದಲ್ಲಿ ಸುಮಾರು ಶೇ 96 ಖನಿಜವಿರುವ, ದೇಹದ ಅತಿ ಗಟ್ಟಿ ಪದಾರ್ಥ. ಅಮೆಲೋಜೆನಿನ್, ಎನಾಮೆಲಿನ್, ಅಮೆಲೋಬ್ಲಾಸ್ಟಿನ್ ಎಂಬ ಪ್ರೋಟೀನ್‌ಗಳು ಮೊದಲು ಅಚ್ಚು ಕಟ್ಟುತ್ತವೆ. ಆಮೇಲೆ ಎರಡು ಕಿಣ್ವಗಳು ಆ ಪ್ರೋಟೀನನ್ನು ಕತ್ತರಿಸಿ ಹೊರಹಾಕಿ ಖನಿಜಕ್ಕೆ ಜಾಗ ಮಾಡಿಕೊಡುತ್ತವೆ. ಈ ಜೀನ್‌ಗಳಲ್ಲಿ ಸಣ್ಣ ವ್ಯತ್ಯಾಸವಿದ್ದರೆ ಎನಾಮೆಲ್ ಕಣ್ಣಿಗೆ ಚೆನ್ನಾಗಿಯೇ ಕಂಡರೂ ಆಮ್ಲಕ್ಕೆ ಸ್ವಲ್ಪ ಬೇಗ ಮಣಿಯುತ್ತದೆ. ಎನಾಮೆಲ್ ಕಟ್ಟುವ ಕೋಶಗಳು ಹಲ್ಲು ಹುಟ್ಟುವಾಗಲೇ ನಾಶವಾಗುವುದರಿಂದ ಆಮೇಲೆ ಹೊಸ ಎನಾಮೆಲ್ ಬೆಳೆಯುವ ಮಾತಿಲ್ಲ. ಜೊಲ್ಲು ಮತ್ತು ಫ್ಲೋರೈಡ್ ಸೇರಿ, ಕಳೆದುಹೋದ ಖನಿಜವನ್ನು ಮೇಲ್ಪದರಕ್ಕೆ ಮರಳಿಸಬಲ್ಲವು, ಅಷ್ಟೆ.

ಎರಡನೆಯದು ಹಲ್ಲಿನ ಆಕಾರ. ದವಡೆ ಹಲ್ಲಿನ ಗೆರೆಗಳು ಎಷ್ಟು ಆಳ, ಎಷ್ಟು ಇರುಕು ಎನ್ನುವುದು ಬಹುಮಟ್ಟಿಗೆ ತಂದೆತಾಯಿಯಿಂದ ಬರುತ್ತದೆ. ಬ್ರಷ್‌ನ ಒಂದು ಎಳೆಯ ದಪ್ಪ ಸುಮಾರು 0.2 ಮಿಲಿಮೀಟರ್. ಆಳ ಗೆರೆಯ ಒಳಬಾಯಿ ಅದಕ್ಕಿಂತ ಕಿರಿದಾಗಿರಬಹುದು. ಅಂದಮೇಲೆ ಅದರ ತಳ ಮುಟ್ಟುವ ಬ್ರಷ್ ಯಾರ ಬಳಿಯೂ ಇಲ್ಲ. ವಂಶದ ದೋಷಗಳಲ್ಲಿ ಅತಿ ಸುಲಭವಾಗಿ ಸರಿಪಡಿಸಬಹುದಾದದ್ದು ಇದೇ: ಗೆರೆಯನ್ನು ದಂತವೈದ್ಯರು ಹಚ್ಚುವ ಸೀಲೆಂಟ್ ಎಂಬ ತೆಳು ಲೇಪದಿಂದ ಮುಚ್ಚಿಬಿಡುವುದು.

ಮೂರನೆಯದು ಜೊಲ್ಲು. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲೆ ಕಟ್ಟಿರುವ ಬ್ಯಾಕ್ಟೀರಿಯಾ ಪದರದ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 5.5ಕ್ಕಿಂತ ಕೆಳಗಿಳಿಯುತ್ತದೆ. ಆ ಮಟ್ಟದಲ್ಲಿ ಎನಾಮೆಲ್ ಕರಗತೊಡಗುತ್ತದೆ. ಮೊದಲಿನ ಮಟ್ಟಕ್ಕೆ ಮರಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಈ ಮರಳುವಿಕೆಯ ವೇಗ ಜೊಲ್ಲಿನ ಹರಿವನ್ನೂ ಅದರಲ್ಲಿರುವ ಬೈಕಾರ್ಬೊನೇಟನ್ನೂ ಅವಲಂಬಿಸಿದೆ. ಆಮ್ಲವನ್ನು ತಟಸ್ಥಗೊಳಿಸಲು ನೆರವಾಗುವ ಕಾರ್ಬೋನಿಕ್ ಆನ್‌ಹೈಡ್ರೇಸ್ 6 ಎಂಬ ಕಿಣ್ವ, ಗ್ರಂಥಿಯಲ್ಲಿ ನೀರು ದಾಟಿಸುವ ಅಕ್ವಾಪೋರಿನ್ 5, ಬ್ಯಾಕ್ಟೀರಿಯಾವನ್ನು ತಡೆಯುವ ಲ್ಯಾಕ್ಟೋಫೆರಿನ್ ಮತ್ತು ಡಿಫೆನ್ಸಿನ್, ಇವೆಲ್ಲಕ್ಕೂ ಅವುಗಳದೇ ಜೀನ್‌ಗಳಿವೆ, ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಿದೆ.

ನಾಲ್ಕನೆಯದು ನಾಲಿಗೆಯ ರುಚಿ. ಸಿಹಿಯನ್ನು ಗುರುತಿಸುವ ಗ್ರಾಹಿಯ ಜೀನ್, ಕಹಿಯನ್ನು ಗುರುತಿಸುವ ಗ್ರಾಹಿಯ ಜೀನ್, ಗ್ಲೂಕೋಸ್ ಸಾಗಿಸುವ ಪ್ರೋಟೀನ್‌ನ ಜೀನ್, ಈ ಮೂರರ ಬೇರೆ ಬೇರೆ ರೂಪಗಳಿಗೂ ಹುಳುಕಿಗೂ ನಂಟಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಇಲ್ಲಿ ಜೀನ್ ಹಲ್ಲನ್ನು ಮುಟ್ಟುವುದೇ ಇಲ್ಲ, ಕೈಯನ್ನು ಸಿಹಿಯ ಡಬ್ಬಿಯತ್ತ ಒಯ್ಯುತ್ತದೆ.

ಇದಕ್ಕೆ ತದ್ವಿರುದ್ಧವಾದ ಒಂದು ಅಪರೂಪದ ಕಾಯಿಲೆಯನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು ಎನಿಸುತ್ತದೆ. ಆನುವಂಶಿಕ ಫ್ರಕ್ಟೋಸ್ ಅಸಹಿಷ್ಣುತೆ ಇರುವವರಲ್ಲಿ ಆಲ್ಡೋಲೇಸ್ ಬಿ ಎಂಬ ಯಕೃತ್ತಿನ ಕಿಣ್ವದ ಜೀನ್ ಕೆಟ್ಟಿರುತ್ತದೆ. ಸಕ್ಕರೆ, ಹಣ್ಣು ತಿಂದರೆ ವಾಂತಿ, ರಕ್ತದ ಗ್ಲೂಕೋಸ್ ಕುಸಿತ. ಹಾಗಾಗಿ ಚಿಕ್ಕಂದಿನಿಂದ ಅವರು ಸಿಹಿಯನ್ನು ದೂರ ತಳ್ಳುತ್ತಾರೆ, ಪಿಷ್ಟದ ಆಹಾರವನ್ನು ಎಲ್ಲರಂತೆ ತಿನ್ನುತ್ತಾರೆ. ಅವರ ಬಾಯಲ್ಲಿ ಹುಳುಕು ಬಹಳ ಕಡಿಮೆ, ಎಷ್ಟೋ ಜನರಲ್ಲಿ ಇಲ್ಲವೇ ಇಲ್ಲ. ಎನಾಮೆಲ್ ಸಾಮಾನ್ಯದ್ದೇ, ಜೊಲ್ಲು ಸಾಮಾನ್ಯದ್ದೇ. ಹಲ್ಲು ಉಳಿದದ್ದು ಸಕ್ಕರೆ ಇಲ್ಲದ್ದರಿಂದ.

ಪ್ರಶ್ನೆ: ನನ್ನ ತದ್ರೂಪಿ ಅವಳಿ ಹೆಣ್ಣುಮಕ್ಕಳಿಗೆ ಆರು ವರ್ಷ. ಒಬ್ಬಳಿಗೆ ನಾಲ್ಕು ಹಲ್ಲು ಹುಳುಕು, ಇನ್ನೊಬ್ಬಳಿಗೆ ಒಂದೂ ಇಲ್ಲ. ಜೀನ್ ಒಂದೇ ಆದರೆ ಹೀಗೇಕೆ?

ಉತ್ತರ: ಜೀನ್ ಒಂದೇ ಆದರೂ ಎನಾಮೆಲ್ ಕಟ್ಟುವ ದಿನಗಳು ಇಬ್ಬರಿಗೂ ಒಂದೇ ಆಗಿರಬೇಕಿಲ್ಲ. ಹಾಲುಹಲ್ಲಿನ ಖನಿಜೀಕರಣ ಗರ್ಭದ ನಾಲ್ಕನೇ ತಿಂಗಳ ಹೊತ್ತಿಗೇ ಶುರುವಾಗುತ್ತದೆ. ಹುಟ್ಟಿದಾಗ ಒಬ್ಬಳ ತೂಕ ಕಡಿಮೆ ಇತ್ತೇ, ಒಬ್ಬಳು ಹೆಚ್ಚು ಕಾಯಿಲೆ ಬಿದ್ದಳೇ, ಹೆಚ್ಚು ಸಿಹಿ ಸಿರಪ್ ಕುಡಿದಳೇ, ರಾತ್ರಿ ಬಾಟಲಿ ಹಿಡಿದು ಮಲಗಿದಳೇ ಎಂದು ನೆನಪಿಸಿಕೊಳ್ಳಿ. ಮೆಲ್ಬರ್ನ್‌ನಲ್ಲಿ ಆರು ವರ್ಷದ ಅವಳಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಳುಕಿನ ವ್ಯತ್ಯಾಸಕ್ಕೆ ಜೀನ್‌ಗಿಂತ ಪರಿಸರವೇ ಹೆಚ್ಚು ಕಾರಣವೆಂದು ಕಂಡುಬಂತು. ಎರಡನೇ ಹಾಲು ದವಡೆಹಲ್ಲಿನಲ್ಲಿ ಖನಿಜದ ಕೊರತೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಇಲ್ಲದಿರುವುದು ಅಪಾಯವನ್ನು ಹೆಚ್ಚಿಸಿದ್ದವು. ಹುಳುಕಿಲ್ಲದ ಮಗಳನ್ನೂ ಅಪಾಯದಲ್ಲಿರುವವಳೆಂದೇ ಎಣಿಸಿ. ಇಬ್ಬರಿಗೂ ಈಗ ಮೊದಲ ಶಾಶ್ವತ ದವಡೆಹಲ್ಲು ಬರುವ ಹೊತ್ತು. ಅದು ಪೂರ್ತಿ ಮೇಲೆ ಬಂದ ಕೂಡಲೇ ಸೀಲೆಂಟ್ ಹಾಕಿಸಿ.

ಪ್ರಶ್ನೆ: ನಮ್ಮ ಏಳು ವರ್ಷದ ಮಗನಿಗೆ ಹೊಸದಾಗಿ ಬಂದ ಹಲ್ಲುಗಳೇ ಹಳದಿ ಕಂದು ಬಣ್ಣ, ಚೂರುಚೂರಾಗಿ ಉದುರುತ್ತಿವೆ. ತಣ್ಣೀರು ಕುಡಿದರೂ ಕಿರುಚುತ್ತಾನೆ. ಚೆನ್ನಾಗಿ ಉಜ್ಜದ್ದಕ್ಕೆ ಹೀಗಾಯಿತು ಎಂದು ಮನೆಯವರು ಬೈಯುತ್ತಾರೆ.

ಉತ್ತರ: ಬೈಯುವುದನ್ನು ಮೊದಲು ನಿಲ್ಲಿಸಲಿ. ಹುಟ್ಟುತ್ತಲೇ ಬಣ್ಣಗೆಟ್ಟು ಉದುರುವ ಹಲ್ಲು ಉಜ್ಜದ್ದರಿಂದ ಕೆಟ್ಟದ್ದಲ್ಲ. ಅದು ರೂಪುಗೊಳ್ಳುವಾಗಲೇ ಆದ ದೋಷ. ಹುಳುಕು ಅದರ ಮೇಲೆ ಆಮೇಲೆ ಬಂದು ಕೂರುತ್ತದೆ.

ಯಾವ ದೋಷ ಎಂದು ಬೇರ್ಪಡಿಸಲು ಬೆಳಕಿನಲ್ಲಿ, ಹಲ್ಲನ್ನು ಬಟ್ಟೆಯಿಂದ ಒರೆಸಿ ನೋಡಿ. ಮೊದಲ ಶಾಶ್ವತ ದವಡೆಹಲ್ಲುಗಳು, ಜೊತೆಗೆ ಒಂದೆರಡು ಬಾಚಿಹಲ್ಲು ಮಾತ್ರ ಕೆಟ್ಟಿವೆಯೇ? ಕಲೆಗೆ ಸ್ಪಷ್ಟ ಅಂಚಿದೆಯೇ, ಎಡಕ್ಕೂ ಬಲಕ್ಕೂ ಒಂದೇ ಸಮನಾಗಿಲ್ಲವೇ? ಹಾಗಿದ್ದರೆ ಅದು ಬಹುಶಃ ದವಡೆ–ಬಾಚಿ ಖನಿಜಕೊರತೆ. ಈ ಹಲ್ಲುಗಳ ಎನಾಮೆಲ್ ಹುಟ್ಟಿನಿಂದ ಮೂರು ವರ್ಷದೊಳಗೆ ಕಟ್ಟುತ್ತದೆ. ಆ ಅವಧಿಯ ಕಾಯಿಲೆಗಳಿಗೂ ಆನುವಂಶಿಕ ಒಲವಿಗೂ ಇದರಲ್ಲಿ ಪಾಲಿದೆ. ಇದು ಅಪರೂಪದ್ದೇನಲ್ಲ, ಜಗತ್ತಿನಲ್ಲಿ ಸುಮಾರು ಏಳೆಂಟು ಮಕ್ಕಳಲ್ಲಿ ಒಬ್ಬರಿಗೆ ಕಾಣುತ್ತದೆ.

ಹಾಲುಹಲ್ಲು, ಶಾಶ್ವತ ಹಲ್ಲು ಎಲ್ಲವೂ ಹೀಗೇ ಇದ್ದು, ಮನೆತನದಲ್ಲಿ ಇನ್ನೊಬ್ಬರಿಗೂ ಇದ್ದರೆ ಅಮೆಲೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಒಂಟಿ ಜೀನ್‌ನ ಕಾಯಿಲೆಯನ್ನು ಯೋಚಿಸಬೇಕು. ಎನಾಮೆಲ್ ತೆಳ್ಳಗೆ ಕುಳಿಕುಳಿಯಾಗಿ ಇರಬಹುದು, ಇಲ್ಲವೇ ದಪ್ಪಗಿದ್ದೂ ಮೆತ್ತಗಾಗಿ ಸಿಪ್ಪೆಯಂತೆ ಏಳಬಹುದು. ಇದರ ಒಂದು ಬಗೆ ಎಕ್ಸ್ ವರ್ಣತಂತುವಿನಲ್ಲಿರುವ ಅಮೆಲೋಜೆನಿನ್ ಜೀನ್‌ನಿಂದ ಬರುತ್ತದೆ. ಅಲ್ಲಿ ಗಂಡಸರಿಗೆ ಎಲ್ಲ ಹಲ್ಲೂ ಪೂರ್ತಿ ಕೆಟ್ಟಿರುತ್ತದೆ. ಹೆಂಗಸರ ಹಲ್ಲಿನ ಮೇಲೆ ಮಾತ್ರ ಒಳ್ಳೆಯ ಎನಾಮೆಲ್, ಕೆಟ್ಟ ಎನಾಮೆಲ್ ಲಂಬವಾದ ಪಟ್ಟೆಪಟ್ಟೆಯಾಗಿ ಕಾಣುತ್ತದೆ, ಏಕೆಂದರೆ ಅವರಿಗೆ ಎರಡು ಎಕ್ಸ್ ಇದ್ದು, ಒಂದೊಂದು ಕೋಶಸಾಲಿನಲ್ಲಿ ಒಂದೊಂದು ಎಕ್ಸ್ ಕೆಲಸ ಮಾಡುತ್ತದೆ. ಈ ಬಗೆ ತಂದೆಯಿಂದ ಮಗನಿಗೆ ಬರುವುದಿಲ್ಲ. ತಂದೆ ಮಗ ಇಬ್ಬರಿಗೂ ಇದ್ದರೆ ಬೇರೆ ಜೀನ್ ಹುಡುಕಬೇಕು. ತಂದೆತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕಾಗುವ ಪ್ರಬಲ ಬಗೆಯಾದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ.

ಹಲ್ಲು ನೀಲಿ ಬೂದು ಅಥವಾ ಜೇನಿನ ಬಣ್ಣಕ್ಕೆ ಪಾರದರ್ಶಕವಾಗಿದ್ದರೆ ಎನಾಮೆಲ್‌ನ ಒಳಗಿನ ಪದರವಾದ ಡೆಂಟಿನ್‌ನದೇ ದೋಷ ಇರಬಹುದು. ಮಗುವಿಗೆ ಪದೇಪದೇ ಮೂಳೆ ಮುರಿದಿದ್ದರೆ ಅದನ್ನು ದಂತವೈದ್ಯರಿಗೆ ತಪ್ಪದೆ ಹೇಳಿ, ಎರಡೂ ಒಂದೇ ಕಾಯಿಲೆಯ ಭಾಗವಾಗಿರುವುದುಂಟು. ಇನ್ನೊಂದು ಎಚ್ಚರ: ಹೊರಗೆ ಒಂದು ತೂತೂ ಇಲ್ಲದೆ ಹಲ್ಲಿನ ಬುಡದಲ್ಲಿ ಕೀವು ಕಟ್ಟುತ್ತಿದ್ದರೆ, ಮಗು ಕುಳ್ಳಗಿದ್ದು ಕಾಲು ಬಿಲ್ಲಿನಂತೆ ಬಾಗಿದ್ದರೆ, ರಕ್ತದ ಫಾಸ್ಫೇಟ್ ಪರೀಕ್ಷೆ ಮಾಡಿಸಬೇಕು. ಮೂತ್ರದಲ್ಲಿ ಫಾಸ್ಫೇಟ್ ಸೋರಿಹೋಗಿ ಮೂಳೆ ಮೆತ್ತಗಾಗುವ ಆನುವಂಶಿಕ ರಿಕೆಟ್ಸ್‌ನಲ್ಲಿ ಡೆಂಟಿನ್ ಸರಿಯಾಗಿ ಗಟ್ಟಿಯಾಗದೆ ಸೂಕ್ಷ್ಮಾಣುಗಳು ನೇರ ತಿರುಳಿಗೆ ಇಳಿಯುತ್ತವೆ. ಇಲ್ಲಿ ಫಿಲ್ಲಿಂಗ್ ಮೇಲೆ ಫಿಲ್ಲಿಂಗ್ ಮಾಡಿಸಿ ಪ್ರಯೋಜನವಿಲ್ಲ, ಮೂಲ ಕಾಯಿಲೆಗೆ ಚಿಕಿತ್ಸೆ ಬೇಕು.

ಮಗನಿಗೆ ಈಗ ಮಾಡಬೇಕಾದ್ದು: ಉಗುರು ಬೆಚ್ಚಗಿನ ನೀರಿನಲ್ಲಿ ಮೆತ್ತನೆ ಬ್ರಷ್ ಅದ್ದಿ ಉಜ್ಜಿಸಿ, ತಣ್ಣೀರಿಗೆ ಹೆದರಿಯೇ ಇಂಥ ಮಕ್ಕಳು ಉಜ್ಜುವುದನ್ನು ತಪ್ಪಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್, ಅಂದರೆ ದಂತವೈದ್ಯರು ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪ, ಹಾಕಿಸಿ. ಚೂರು ಉದುರುತ್ತಿರುವ ದವಡೆಹಲ್ಲಿಗೆ ಸ್ಟೀಲ್ ಕ್ಯಾಪ್ ಹಾಕಿಸುವುದು ಸಾಮಾನ್ಯ ಫಿಲ್ಲಿಂಗ್‌ಗಿಂತ ಮೇಲು, ಏಕೆಂದರೆ ಮೆತ್ತಗಿನ ಎನಾಮೆಲ್‌ನ ಅಂಚಿಗೆ ಫಿಲ್ಲಿಂಗ್ ಹಿಡಿಯದೆ ಕೆಲ ತಿಂಗಳಲ್ಲೇ ಕಿತ್ತುಬರುತ್ತದೆ. ಇಂಥ ಹಲ್ಲಿನಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ನಾಟದಿರುವುದೂ ಇದೆ. ಮಗು ನೋವೆಂದರೆ ನಂಬಿ, ಹಠವೆಂದು ತಳ್ಳಿಹಾಕಬೇಡಿ.

ಪ್ರಶ್ನೆ: ನನ್ನ ಬಾಯಿಂದಲೇ ಮಗುವಿಗೆ ಹುಳುಕಿನ ಬ್ಯಾಕ್ಟೀರಿಯಾ ಹೋಗುತ್ತದೆ ಎನ್ನುತ್ತಾರೆ. ಅದೂ ಆನುವಂಶಿಕವೇ?

ಉತ್ತರ: ವರ್ಗಾವಣೆ ನಿಜ, ಆದರೆ ಅದು ಜೀನ್‌ನ ದಾರಿಯಲ್ಲ, ಜೊಲ್ಲಿನ ದಾರಿ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಮುಖ್ಯ ಬ್ಯಾಕ್ಟೀರಿಯಾವನ್ನು ಮಗು ಹೆಚ್ಚಾಗಿ ತಾಯಿಯಿಂದಲೇ ಪಡೆಯುತ್ತದೆ. ಬಾಯಿಯ ಸೂಕ್ಷ್ಮಾಣುಗಳಲ್ಲಿ ಕೆಲವು ಮನುಷ್ಯನ ಜೀನ್‌ಗೆ ತಕ್ಕಂತೆ ನೆಲೆಸುತ್ತವೆ ಎನ್ನುವುದೂ ನಿಜ. ಆದರೆ 485 ಜೋಡಿ ಅವಳಿಗಳನ್ನು ಪರೀಕ್ಷಿಸಿದ 2017ರ ಅಧ್ಯಯನದಲ್ಲಿ ಹೀಗೆ ವಂಶದ ಹಿಡಿತದಲ್ಲಿದ್ದ ಬ್ಯಾಕ್ಟೀರಿಯಾಗಳು ಹುಳುಕಿಗೆ ಕಾರಣವಾಗುವವುಗಳಾಗಿರಲಿಲ್ಲ. ಹೆಚ್ಚು ಸಕ್ಕರೆ ತಿನ್ನುವ ಮಕ್ಕಳಲ್ಲಿ ವಂಶದ ಬ್ಯಾಕ್ಟೀರಿಯಾಗಳ ಪ್ರಮಾಣವೇ ಕಡಿಮೆಯಿತ್ತು.

ಮಗುವನ್ನು ಮುದ್ದಿಸುವುದನ್ನು ನಿಲ್ಲಿಸಬೇಡಿ, ಒಂದೇ ಮನೆಯಲ್ಲಿ ಜೊಲ್ಲು ತಾಗದಂತೆ ಇರಲಾಗದು. ನಿಮ್ಮ ಬಾಯಲ್ಲಿ ತೆರೆದಿರುವ ತೂತುಗಳನ್ನು ಮಗುವಿಗೆ ಹಲ್ಲು ಬರುವ ಮೊದಲೇ ತುಂಬಿಸಿಕೊಳ್ಳಿ. ಒಂದು ತೆರೆದ ತೂತಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ, ತುಂಬಿಸಿದರೆ ಆ ನೆಲೆ ಹೋಗುತ್ತದೆ.

ಪ್ರಶ್ನೆ: ನಮ್ಮಿಬ್ಬರ ಕಡೆಯಲ್ಲೂ ಎಲ್ಲರಿಗೂ ಹುಳುಕು ಹಲ್ಲು. ಮಗುವಿಗೆ ಹತ್ತು ತಿಂಗಳು, ಎರಡು ಹಲ್ಲು ಬಂದಿವೆ. ಮೊದಲಿನಿಂದಲೇ ಏನು ಮಾಡಬೇಕು?

ಉತ್ತರ: ಸರಿಯಾದ ಸಮಯಕ್ಕೆ ಕೇಳಿದ್ದೀರಿ. ಮನೆತನದ ಇತಿಹಾಸ ತಿಳಿದಿರುವುದರ ನಿಜವಾದ ಲಾಭ ಇದೇ.

ಇಂದಿನಿಂದಲೇ ದಿನಕ್ಕೆರಡು ಸಲ, 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿ. ಪೇಸ್ಟ್ ಅಕ್ಕಿಕಾಳಿನಷ್ಟೇ, ಅಂದರೆ ಸುಮಾರು 0.1 ಗ್ರಾಂ. ಮೂರು ವರ್ಷ ತುಂಬಿದ ಮೇಲೆ ಬಟಾಣಿ ಕಾಳಿನಷ್ಟು, ಸುಮಾರು 0.25 ಗ್ರಾಂ. ಬ್ರಷ್‌ನ ಉದ್ದಕ್ಕೂ ಹಾವಿನಂತೆ ಹಿಂಡಬೇಡಿ. ಶಾಶ್ವತ ಹಲ್ಲುಗಳು ಒಳಗೆ ರೂಪುಗೊಳ್ಳುತ್ತಿರುವ ಕಾಲದಲ್ಲಿ ಮಗು ಹೆಚ್ಚು ಫ್ಲೋರೈಡ್ ನುಂಗಿದರೆ ಅವುಗಳಲ್ಲಿ ಬಿಳಿ ಮಚ್ಚೆ ಬರುತ್ತದೆ. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಪೇಸ್ಟ್ ಆರಿಸುವ ಮುನ್ನ ದಂತವೈದ್ಯರನ್ನು ಕೇಳಿ. ಏಳೆಂಟು ವರ್ಷದವರೆಗೂ ರಾತ್ರಿಯ ಉಜ್ಜುವಿಕೆ ದೊಡ್ಡವರ ಕೈಯಲ್ಲೇ ಇರಲಿ.

ತಿಂಗಳಿಗೊಮ್ಮೆ ಮೇಲ್ದುಟಿ ಎತ್ತಿ ನೋಡಿ. ಮಗುವಿನ ತಲೆಯನ್ನು ನಿಮ್ಮ ತೊಡೆಯ ಮೇಲಿಟ್ಟುಕೊಳ್ಳಿ, ಕಾಲು ಇನ್ನೊಬ್ಬರ ತೊಡೆಯ ಮೇಲಿರಲಿ. ಮೇಲಿನ ಬಾಚಿಹಲ್ಲು ಬಂದಮೇಲೆ ಒಣ ಬಟ್ಟೆಯಿಂದ ಒರೆಸಿ, ಬೆಳಕು ಬಿಡಿ. ಒದ್ದೆ ಇರುವಾಗ ಕಾಣದ ಕಲೆ ಒಣಗಿದಾಗ ಕಾಣುತ್ತದೆ: ಒಸಡಿನ ಅಂಚಿಗೆ ಸಮಾನಾಂತರವಾಗಿ, ಸೀಮೆಸುಣ್ಣದಂಥ ಮಂಕು ಬಿಳಿಗೆರೆ. ಹುಳುಕಿನ ಮೊದಲ ಹೆಜ್ಜೆ ಅದು. ಆ ಹಂತದಲ್ಲಿ ಫ್ಲೋರೈಡ್ ವಾರ್ನಿಷ್ ಹಾಕಿಸಿ, ರಾತ್ರಿಯ ಸಿಹಿ ನಿಲ್ಲಿಸಿದರೆ ಗೆರೆ ಗಟ್ಟಿಯಾಗಿ ಹೊಳಪಿಗೆ ಮರಳುತ್ತದೆ. ಕಂದಾಗಿ ಕುಸಿದಮೇಲೆ ಹಿಂತಿರುಗುವ ದಾರಿ ಇಲ್ಲ.

ಮೊದಲ ಹುಟ್ಟುಹಬ್ಬದೊಳಗೆ ದಂತವೈದ್ಯರಿಗೆ ತೋರಿಸಿ, ಮನೆತನದ ಕತೆಯನ್ನು ಹೇಳಿ. ಹೆಚ್ಚು ಅಪಾಯದ ಮಕ್ಕಳಿಗೆ ಶೇ 5 ಸೋಡಿಯಂ ಫ್ಲೋರೈಡ್ ವಾರ್ನಿಷನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಬಳಿಯುತ್ತಾರೆ. ಬಳಿದ ರಾತ್ರಿ ಹಲ್ಲುಜ್ಜಬೇಡಿ, ಕೆಲವು ಗಂಟೆ ಗಟ್ಟಿ ತಿನಿಸು ಬೇಡ. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ. ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಂತಿರುತ್ತದೆ, ತೊಳೆಯುವವರಿಲ್ಲದೆ ಸಕ್ಕರೆ ಹಲ್ಲಿಗೆ ಅಂಟಿಕೊಂಡೇ ಇರುತ್ತದೆ. ಸಿಹಿ ಕೊಡುವುದಾದರೆ ಊಟದ ಜೊತೆಗೆ ಒಂದೇ ಸಲ ಕೊಡಿ, ದಿನವಿಡೀ ಗುಟುಕು ಗುಟುಕಾಗಿ ಬೇಡ. ಎರಡು ವರ್ಷದವರೆಗೆ ಸಕ್ಕರೆ ಬೆರೆಸಿದ್ದನ್ನು ಕೊಡದಿದ್ದರೆ ಇನ್ನೂ ಒಳ್ಳೆಯದು, ನಾಲಿಗೆಯ ರುಚಿ ರೂಢಿಯಾಗುವ ಕಾಲವದು.

ಆರು ವರ್ಷಕ್ಕೆ ಮೊದಲ ದವಡೆಹಲ್ಲು, ಹನ್ನೆರಡಕ್ಕೆ ಎರಡನೆಯದು. ಎರಡಕ್ಕೂ ಸೀಲೆಂಟ್ ಹಾಕಿಸಿ. ಸೀಲೆಂಟ್ ಬಿದ್ದುಹೋಗಲು ಮುಖ್ಯ ಕಾರಣ ಹಚ್ಚುವಾಗ ತಗುಲಿದ ಜೊಲ್ಲು. ಹಲ್ಲು ಅರ್ಧ ಒಸಡಿನಡಿ ಇರುವಾಗ ಆತುರಪಟ್ಟು ಹಾಕಿಸಿದರೆ ಅದು ನಿಲ್ಲುವುದಿಲ್ಲ. ಹಾಕಿಸಿದ ಮೇಲೂ ಆರು ತಿಂಗಳಿಗೊಮ್ಮೆ ಅಂಚು ಎದ್ದಿದೆಯೇ ಎಂದು ನೋಡಿಸಿ.

ಪ್ರಶ್ನೆ: ಜೊಲ್ಲಿನ ಮಾದರಿ ಕಳಿಸಿದರೆ ಹುಳುಕಿನ ಜೀನ್ ಪರೀಕ್ಷೆ ಮಾಡಿಕೊಡುತ್ತಾರಂತೆ. ಮಾಡಿಸಲೇ?

ಉತ್ತರ: ಬೇಡ. ನೂರಾರು ಚಿಕ್ಕ ಪ್ರಭಾವಗಳ ಕಾಯಿಲೆಯಲ್ಲಿ ಬೆರಳೆಣಿಕೆಯ ಜೀನ್ ನೋಡಿ ಭವಿಷ್ಯ ಹೇಳಲಾಗದು. ಕಳೆದ ಮೂರು ವರ್ಷಗಳಲ್ಲಿ ಎಷ್ಟು ಹೊಸ ಹುಳುಕು ಬಂತು ಎಂಬ ಲೆಕ್ಕವೇ ಇಂದಿಗೂ ಅತ್ಯುತ್ತಮ ಮುನ್ಸೂಚನೆ. ಎಲ್ಲ ಹಲ್ಲಿಗೂ ದೋಷವಿರುವ, ಮೇಲೆ ಹೇಳಿದಂಥ ಒಂಟಿ ಜೀನ್‌ನ ಕಾಯಿಲೆಗಳಲ್ಲಿ ಮಾತ್ರ ಜೀನ್ ಪರೀಕ್ಷೆಗೆ ಅರ್ಥವಿದೆ, ಅದೂ ವೈದ್ಯರ ಸಲಹೆಯ ಮೇಲೆ.

ಅದರ ಬದಲು ಜೊಲ್ಲಿನ ಅಳತೆ ಮಾಡಿ. ಒಂದೂವರೆ ಗಂಟೆ ಏನೂ ತಿನ್ನದೆ, ಕುಡಿಯದೆ ಇದ್ದು, ತಲೆ ಸ್ವಲ್ಪ ಮುಂದೆ ಬಾಗಿಸಿ ಕೂತುಕೊಳ್ಳಿ. ಒಮ್ಮೆ ನುಂಗಿ, ಆಮೇಲೆ 15 ನಿಮಿಷ ನುಂಗದೆ, ಬಾಯಲ್ಲಿ ಸೇರಿದ ಜೊಲ್ಲನ್ನು ಮಿಲಿಲೀಟರ್ ಗುರುತಿರುವ ಔಷಧದ ಲೋಟಕ್ಕೆ ಬಿಡಿ. ನೊರೆ ಇಳಿದ ಮೇಲೆ ಓದಿ, 15ರಿಂದ ಭಾಗಿಸಿ. ನಿಮಿಷಕ್ಕೆ 0.3 ಮಿಲಿಲೀಟರ್ ಆಸುಪಾಸು ಸಾಮಾನ್ಯ. 0.1ಕ್ಕಿಂತ ಕಡಿಮೆ, ಅಂದರೆ ಒಟ್ಟು ಒಂದೂವರೆ ಮಿಲಿಲೀಟರ್ ಕೂಡ ಆಗದಿದ್ದರೆ, ಬಾಯಿ ಒಣಗುವ ತೊಂದರೆ ಇದೆ ಎಂದು ತಿಳಿದು ವೈದ್ಯರನ್ನು ಕಾಣಿ. ಮಾತಾಡಿದರೆ, ಏನನ್ನಾದರೂ ಅಗಿದರೆ ಅಳತೆ ತಪ್ಪುತ್ತದೆ.

ಪ್ರಶ್ನೆ: ಬಸುರಿಯಾಗಿದ್ದಾಗ ಮಗು ತಾಯಿಯ ಹಲ್ಲಿನ ಸುಣ್ಣ ಎಳೆದುಕೊಳ್ಳುತ್ತದಂತೆ. ನನ್ನ ತಾಯಿಗೂ ಹೀಗೇ ಆಯಿತು.

ಉತ್ತರ: ಎಳೆದುಕೊಳ್ಳುವುದಿಲ್ಲ. ಬೆಳೆದುನಿಂತ ಹಲ್ಲಿನಿಂದ ಕ್ಯಾಲ್ಸಿಯಂ ರಕ್ತಕ್ಕೆ ಮರಳುವ ದಾರಿಯೇ ಇಲ್ಲ. ಕೆಡುವುದು ವಾಂತಿಯ ಆಮ್ಲದಿಂದ, ಪದೇಪದೇ ತಿನ್ನುವುದರಿಂದ, ವಾಕರಿಕೆಗೆ ಹೆದರಿ ಉಜ್ಜುವುದನ್ನು ಬಿಡುವುದರಿಂದ. ವಾಂತಿಯಾದ ಕೂಡಲೇ ಉಜ್ಜಬೇಡಿ, ಮೆತ್ತಗಾದ ಎನಾಮೆಲ್ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಹಾ ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಉಜ್ಜಿ.

ಪ್ರಶ್ನೆ: ನನಗೆ 61 ವರ್ಷ. ಜೀವಮಾನದಲ್ಲಿ ಹುಳುಕು ಕಂಡವನಲ್ಲ. ಕಳೆದ ಎರಡು ವರ್ಷದಲ್ಲಿ ಒಸಡಿನ ಬಳಿ ಐದು ಹಲ್ಲು ಕೆಟ್ಟಿವೆ. ಅಡಗಿದ್ದ ಜೀನ್ ಈಗ ಎದ್ದಿತೇ?

ಉತ್ತರ: ಜೀನ್ ಅದೇ ಇದೆ, ಬಾಯಿ ಬದಲಾಗಿದೆ. ಒಸಡು ಸರಿದು ಬೇರಿನ ಭಾಗ ಹೊರಬಂದಿದೆ. ಅಲ್ಲಿ ಎನಾಮೆಲ್ ಇಲ್ಲ, ಡೆಂಟಿನ್ ಮಾತ್ರ. ಅದು ಪಿಎಚ್ 6.2ರ ಆಸುಪಾಸಿನಲ್ಲೇ ಕರಗತೊಡಗುತ್ತದೆ. ಎನಾಮೆಲ್‌ಗೆ ತೊಂದರೆಯಾಗದಷ್ಟು ಸಣ್ಣ ಆಮ್ಲವೂ ಅದಕ್ಕೆ ಸಾಕು. ಜೊತೆಗೆ ರಕ್ತದೊತ್ತಡ, ಅಲರ್ಜಿ, ಖಿನ್ನತೆ, ಮೂತ್ರಕೋಶದ ತೊಂದರೆಗಳ ಹಲವು ಮಾತ್ರೆಗಳು ಜೊಲ್ಲನ್ನು ತಗ್ಗಿಸುತ್ತವೆ. ನೀವು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ದಂತವೈದ್ಯರಿಗೂ ಮಾತ್ರೆ ಬರೆದುಕೊಟ್ಟ ವೈದ್ಯರಿಗೂ ತೋರಿಸಿ, ಸ್ವಂತ ನಿರ್ಧಾರದಿಂದ ಯಾವುದನ್ನೂ ನಿಲ್ಲಿಸಬೇಡಿ. ಕಣ್ಣೂ ಒಣಗುತ್ತಿದ್ದರೆ ಅದನ್ನೂ ಹೇಳಿ, ಗ್ರಂಥಿಗಳನ್ನೇ ಕೆಡಿಸುವ ಶೋಗ್ರೆನ್ ಕಾಯಿಲೆ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ದಂತವೈದ್ಯರು ಬರೆದುಕೊಟ್ಟರೆ 5000 ಪಿಪಿಎಂ ಫ್ಲೋರೈಡ್ ಪೇಸ್ಟನ್ನು ದೊಡ್ಡವರು ಬಳಸಬಹುದು. ಅದನ್ನು ಮೊಮ್ಮಕ್ಕಳ ಕೈಗೆ ಸಿಗದಂತೆ ಇಡಿ. ಊಟದ ನಂತರ 10ರಿಂದ 20 ನಿಮಿಷ ಸಕ್ಕರೆರಹಿತ ಗಮ್ ಅಗಿದರೆ ಉಳಿದಿರುವ ಗ್ರಂಥಿ ಹೆಚ್ಚು ಜೊಲ್ಲು ಸುರಿಸುತ್ತದೆ. ಬಾಯಿ ಒಣಗಿದೆ ಎಂದು ಸಿಹಿ ಗುಳಿಗೆ ಚೀಪುವ ಅಭ್ಯಾಸವಿದ್ದರೆ ಬಿಡಿ, ಒಣ ಬಾಯಿಯಲ್ಲಿ ಆ ಸಕ್ಕರೆ ಗಂಟೆಗಟ್ಟಲೆ ನಿಲ್ಲುತ್ತದೆ. ತುಂಬಿಸಲು ಕಷ್ಟವಾದ ಬೇರಿನ ಹುಳುಕನ್ನು ಶೇ 38ರ ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ನಿಲ್ಲಿಸಬಹುದು. ಹುಳುಕಿದ್ದ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ, ಹಾಗಾಗಿ ಯಾವ ಹಲ್ಲಿಗೆ ಹಚ್ಚಬಹುದು ಎಂದು ಮೊದಲೇ ಮಾತಾಡಿಕೊಳ್ಳಿ. ಹೊಸ ಹುಳುಕು ನಿಲ್ಲುವವರೆಗೆ ತಪಾಸಣೆ ಮೂರು ತಿಂಗಳಿಗೊಮ್ಮೆ ಇರಲಿ.